ಆಟವೂ ದಾನವೂ: ಒಂದು ಹಿನ್ನೋಟ



ಸಿಂಧನೂರಿನಿಂದ ರಾಯಚೂರಿಗೆ ಹೋಗುವ ದಾರಿಯಲ್ಲಿ ಜವಳಗೇರಾ ಸಿಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ನೆಲವಿದು. ಭತ್ತದ ಕೊಯ್ಲು ಮುಗಿದು ಗದ್ದೆ ಒಣಗಿತೆಂದರೆ ಸಾಕು, ನಮ್ಮ ಹುಡುಗರಿಗೆ ಅದೇ ಕ್ರೀಡಾಂಗಣ. ಕೂಳೆ ಕಿತ್ತು, ನೆಲ ಸಮ ಮಾಡಿ, ನಡುವೆ ಎರಡು ಗೂಟ ನೆಟ್ಟು ಬಲೆ ಕಟ್ಟಿದರೆ ವಾಲಿಬಾಲ್. ಮೂರು ಕಟ್ಟಿಗೆ ಊರಿದರೆ ಕ್ರಿಕೆಟ್. ಕ್ರಿಸ್ತಜಯಂತಿಯ ರಜೆಯಲ್ಲಿ, ಊರ ಹಬ್ಬದ ಮರುದಿನ, ಬಲಿಪೂಜೆ ಮುಗಿಸಿ ಊಟ ಮಾಡಿದ ಮಂದಿಯೆಲ್ಲ ಆ ಗದ್ದೆಯ ಬದುವಿನ ಮೇಲೆ ಸಾಲಾಗಿ ಕುಳಿತಿರುತ್ತಾರೆ.

ಕೆಲವು ವರ್ಷಗಳಿಂದ ಈ ಆಟಗಳ ಬ್ಯಾನರಿನಲ್ಲಿ ಒಂದು ಹೊಸ ಸಾಲು ಕಾಣುತ್ತಿದೆ: ‘ಸಹಾಯಾರ್ಥ’. ಒಮ್ಮೆ ಕಾಯಿಲೆಯ ಮಗುವಿನ ಸಹಾಯಾರ್ಥ, ಇನ್ನೊಮ್ಮೆ ಶಾಲೆಯ ಕೋಣೆಯ ಸಹಾಯಾರ್ಥ, ಮತ್ತೊಮ್ಮೆ ನೆರೆ ಸಂತ್ರಸ್ತರ ಸಹಾಯಾರ್ಥ. ದೊಡ್ಡ ನಗರಗಳಲ್ಲಂತೂ ಸಾವಿರಾರು ಜನ ಒಂದೇ ಬಣ್ಣದ ಅಂಗಿ ತೊಟ್ಟು ಬೆಳಗಿನ ಜಾವ ಓಡುತ್ತಾರೆ. ಆ ಓಟದಿಂದ ಅನಾಥಾಲಯಗಳಿಗೆ, ಆಸ್ಪತ್ರೆಗಳಿಗೆ ಕೋಟಿಗಟ್ಟಲೆ ಹಣ ಹರಿದುಬರುತ್ತದೆ. ಆಟಕ್ಕೂ ದಾನಕ್ಕೂ ಈ ನಂಟು ಬೆಳೆದದ್ದು ಹೇಗೆ? ಅದರಿಂದ ಬಡವರಿಗೆ ನಿಜವಾಗಿ ಏನಾಯಿತು? ನಮ್ಮ ಧರ್ಮಕೇಂದ್ರಗಳ ಯುವಕರು ಇದನ್ನು ಹೇಗೆ ನೋಡಬೇಕು? ಈ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ಇತಿಹಾಸದ ಕಡೆ ಒಮ್ಮೆ ತಿರುಗಿ ನೋಡೋಣ.

ಗೆದ್ದವನಿಗೆ ಬೆಳ್ಳಿ ಕಡಗ

ನಮ್ಮ ನಾಡಿಗೆ ಆಟ ಹೊಸದಲ್ಲ. ಜಾತ್ರೆಯಲ್ಲಿ ಜಂಗೀ ಕುಸ್ತಿ, ಸಂಗ್ರಾಣಿ ಕಲ್ಲು ಎತ್ತುವುದು, ಉಸುಕಿನ ಚೀಲ ಹೊರುವುದು ನಮ್ಮ ಅಜ್ಜಂದಿರ ಕಾಲದಿಂದ ಬಂದವು. ಕಾರ ಹುಣ್ಣಿಮೆಗೆ ರಾಯಚೂರಿನಲ್ಲಿ ಎತ್ತುಗಳಿಂದ ಭಾರವಾದ ಕಲ್ಲು ಎಳೆಸುವ ಸ್ಪರ್ಧೆಗೆ ಸುತ್ತಲಿನ ಜಿಲ್ಲೆಗಳಿಂದಷ್ಟೇ ಅಲ್ಲ, ಆಂಧ್ರ, ತೆಲಂಗಾಣದಿಂದಲೂ ಜೋಡಿ ಎತ್ತುಗಳು ಬರುತ್ತವೆ. ಈ ಆಟಗಳಿಗೆ ಊರವರೇ ಪಟ್ಟಿ ಎತ್ತುತ್ತಿದ್ದರು, ಗೌಡರು, ಸಾಹುಕಾರರು ಕೈಲಾದಷ್ಟು ಕೊಡುತ್ತಿದ್ದರು. ಗೆದ್ದವನಿಗೆ ಬೆಳ್ಳಿ ಕಡಗ, ರುಮಾಲು, ತೆಂಗಿನಕಾಯಿ. ಅಂದರೆ ಊರು ಕೂಡಿಸಿದ ಹಣ ಆಟಗಾರನ ಕಡೆಗೆ ಹೋಗುತ್ತಿತ್ತು. ಆಟವೇ ಹಣ ಕೂಡಿಸಿ ಅದನ್ನು ಮೈದಾನದ ಹೊರಗಿನ ಒಬ್ಬ ಸಂಕಟದವನಿಗೆ ಮುಟ್ಟಿಸುವುದು ಆಮೇಲೆ ಬಂದ ಪದ್ಧತಿ.

ಆಧುನಿಕ ಕಾಲದಲ್ಲಿ ಇದಕ್ಕೆ ಒಂದು ಹೆಸರಾಂತ ಉದಾಹರಣೆ ಇಂಗ್ಲೆಂಡಿನದು. ಅಲ್ಲಿನ ಫುಟ್‌ಬಾಲ್ ಸಂಸ್ಥೆ 1908ರಲ್ಲಿ ‘ಚಾರಿಟಿ ಶೀಲ್ಡ್’ ಎಂಬ ಪಂದ್ಯವನ್ನು ಆರಂಭಿಸಿತು. ಟಿಕೆಟ್ಟಿನ ಹಣ ದಾನಕ್ಕೆ ಎಂಬುದು ಅದರ ಉದ್ದೇಶ. ನಮ್ಮ ದೇಶದಲ್ಲೂ ಕಲ್ಕತ್ತೆಯ ಫುಟ್‌ಬಾಲ್ ಮೈದಾನದಲ್ಲಿ ‘ಚಾರಿಟಿ ಮ್ಯಾಚ್’ ಎಂಬ ಮಾತು ಮನೆಮಾತಾಯಿತು. ಜನ ಹೆಚ್ಚು ಸೇರುವ ಪಂದ್ಯವನ್ನೇ ಆರಿಸಿ ಅದರ ಗೇಟಿನ ಹಣವನ್ನು ಸತ್ಕಾರ್ಯಕ್ಕೆ ಕೊಡುವ ರೂಢಿ ಅದು.

ಬಿಜಾಪುರದ ಬರ, ಮುಂಬಯಿಯ ಕ್ರಿಕೆಟ್

ಆದರೆ ಕನ್ನಡಿಗರಾದ ನಾವು ನೆನಪಿಡಬೇಕಾದ ಪಂದ್ಯ ಬೇರೆಯೇ ಇದೆ. ಎರಡನೆಯ ಮಹಾಯುದ್ಧದ ನಡುವೆ, 1942-43ರಲ್ಲಿ, ಕೃಷ್ಣಾ ನದಿಯ ಆಚೆಗಿನ ಬಿಜಾಪುರ ಜಿಲ್ಲೆಯಲ್ಲಿ ಭೀಕರ ಬರ ಬಿತ್ತು. ಆಗ ಬಿಜಾಪುರ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ನಮ್ಮ ರಾಯಚೂರು, ಲಿಂಗಸುಗೂರು ನಿಜಾಮರ ಆಳ್ವಿಕೆಯಲ್ಲಿದ್ದವು. ಅದೇ ಹೊತ್ತಿಗೆ, 1942ರ ಅಕ್ಟೋಬರ್‌ನಲ್ಲಿ, ಬಂಗಾಳದ ಮಿಡ್ನಾಪುರದ ಕರಾವಳಿಗೆ ಚಂಡಮಾರುತ ಅಪ್ಪಳಿಸಿ ಸಾವಿರಾರು ಜನ ಸತ್ತರು. ದೇಶದ ಒಂದು ಕಡೆ ನೀರಿಲ್ಲದೆ ಸಾವು, ಇನ್ನೊಂದು ಕಡೆ ನೀರಿನಿಂದಲೇ ಸಾವು.

ಆ ಋತುವಿನಲ್ಲಿ ಮುಂಬಯಿಯ ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ಒಂದು ಪ್ರಥಮ ದರ್ಜೆ ಪಂದ್ಯ ನಡೆಯಿತು. ಒಂದು ತಂಡದ ಹೆಸರು ‘ಬಿಜಾಪುರ ಫ್ಯಾಮಿನ್ ಇಲೆವೆನ್’, ಅಂದರೆ ಬಿಜಾಪುರ ಬರಗಾಲದ ತಂಡ. ಎದುರಾಳಿ ‘ಬೆಂಗಾಲ್ ಸೈಕ್ಲೋನ್ ಇಲೆವೆನ್’, ಬಂಗಾಳ ಚಂಡಮಾರುತದ ತಂಡ. ಬಂಗಾಳ ಚಂಡಮಾರುತದ ತಂಡಕ್ಕೆ ಆಡಿದ ವಿಜಯ್ ಹಜಾರೆ ಆ ಪಂದ್ಯದಲ್ಲಿ 264 ಓಟಗಳನ್ನು ಹೊಡೆದರು. ಕ್ರಿಕೆಟ್ಟಿನ ದಾಖಲೆ ಪುಸ್ತಕಗಳಲ್ಲಿ ಇಂದಿಗೂ ಆ ಅಂಕಿಯ ಪಕ್ಕದಲ್ಲಿ ‘ಬಿಜಾಪುರ ಬರ’ ಎಂಬ ಹೆಸರು ನಿಂತಿದೆ.

ತಂಡಗಳಿಗೆ ರಾಜರ ಹೆಸರಿಲ್ಲ, ಕಂಪನಿಯ ಹೆಸರಿಲ್ಲ. ಸಂಕಟದ ಹೆಸರೇ ತಂಡದ ಹೆಸರು. ಟಿಕೆಟ್ ಕೊಂಡ ಮುಂಬಯಿಯವನಿಗೆ ತನ್ನ ದುಡ್ಡು ಯಾರಿಗೆ ಎಂಬ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಜೋಳದ ಹೊಲ ಬಿರುಕುಬಿಟ್ಟು ಕುಳಿತ ಬಿಜಾಪುರದ ರೈತ ಕ್ರಿಕೆಟ್ ಚೆಂಡನ್ನು ಕಣ್ಣಿಂದ ಕಂಡಿದ್ದನೋ ಇಲ್ಲವೋ. ಆದರೆ ಅವನ ಹಸಿವಿನ ಹೆಸರಿನಲ್ಲಿ ಒಂದು ತಂಡ ಆಡಿತು.

ಸ್ವಾತಂತ್ರ್ಯ ಬಂದ ಮೇಲೂ ಈ ದಾರಿ ಮುಚ್ಚಲಿಲ್ಲ. 1953ರ ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ ನೆರೆ ಪರಿಹಾರ ನಿಧಿಗಾಗಿ ಸಂಸತ್ ಸದಸ್ಯರ ಕ್ರಿಕೆಟ್ ಪಂದ್ಯ ನಡೆಯಿತು. ಪ್ರಧಾನಿಯವರ ತಂಡಕ್ಕೂ ಉಪರಾಷ್ಟ್ರಪತಿಯವರ ತಂಡಕ್ಕೂ ಆಟ. ಪ್ರಧಾನಿ ನೆಹರೂ ಅವರೇ ಬಿಳಿ ಉಡುಪು ತೊಟ್ಟು ಮೈದಾನಕ್ಕಿಳಿದರು. ಸಂಸತ್ತಿನಲ್ಲಿ ಎದುರು ಬದಿಗೆ ಕುಳಿತು ವಾದ ಮಾಡುತ್ತಿದ್ದ ಎ. ಕೆ. ಗೋಪಾಲನ್ ಅವರ ಕ್ಯಾಚನ್ನು ಹಿಡಿದರು. ಸಂಸತ್ತಿನ ಜಗಳ ಸಂಸತ್ತಿನಲ್ಲಿ ಉಳಿಯಿತು; ನೆರೆ ಬಂದಾಗ ಎಲ್ಲರೂ ಒಂದೇ ಮೈದಾನದಲ್ಲಿ ಕೂಡಿದರು. ಪಕ್ಷಕ್ಕೊಂದು ಓಣಿ, ಜಾತಿಗೊಂದು ಓಣಿ ಮಾಡಿಕೊಂಡ ನಮ್ಮ ಊರುಗಳಿಗೆ ಇದರಲ್ಲಿ ಪಾಠವಿಲ್ಲವೇ?

ಒಂಟಿ ಕಾಲಿನ ಓಟ

ಇಲ್ಲಿಯವರೆಗೆ ಹೇಳಿದ ಪಂದ್ಯಗಳಲ್ಲಿ ಆಡುವವರು ಕೆಲವರು, ನೋಡುವವರು ಹಲವರು. ನೋಡುವವರು ಟಿಕೆಟ್ಟಿಗೆ ಕೊಟ್ಟ ಹಣವೇ ದಾನ. ಆಟವಾಡುವ ಸಾಮಾನ್ಯನೇ ದಾನ ಕೂಡಿಸುವವನೂ ಆದದ್ದು ನಂತರದ ಬದಲಾವಣೆ. ಇದನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಮುಖ್ಯನಾದವನು ಕೆನಡಾದ ಒಬ್ಬ ಹುಡುಗ, ಟೆರಿ ಫಾಕ್ಸ್.

ಮೂಳೆಯ ಕ್ಯಾನ್ಸರಿನಿಂದ ಅವನ ಬಲಗಾಲನ್ನು ವೈದ್ಯರು ಕತ್ತರಿಸಬೇಕಾಯಿತು. ಆಸ್ಪತ್ರೆಯ ಹಾಸಿಗೆಯಲ್ಲಿ ತನಗಿಂತ ಚಿಕ್ಕ ಮಕ್ಕಳ ನರಳಾಟ ಕಂಡ ಅವನು, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಕೆನಡಾ ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುತ್ತೇನೆಂದು ಹೊರಟ. 1980ರ ಏಪ್ರಿಲ್ 12ರಂದು ಓಟ ಆರಂಭವಾಯಿತು. ಕೃತಕ ಕಾಲು ಕಟ್ಟಿಕೊಂಡು ದಿನವೂ ಹೆಚ್ಚುಕಡಿಮೆ ಒಂದು ಮ್ಯಾರಥಾನ್ ದೂರ ಓಡಿದ. 143 ದಿನಗಳಲ್ಲಿ 5,373 ಕಿಲೋಮೀಟರ್. ಸೆಪ್ಟೆಂಬರ್ 1ರಂದು ರೋಗ ಶ್ವಾಸಕೋಶಕ್ಕೆ ಹಬ್ಬಿದ್ದು ತಿಳಿದು ಓಟ ನಿಂತಿತು. ದೇಶದ ಪ್ರತಿಯೊಬ್ಬನಿಂದ ಒಂದು ಡಾಲರ್ ಎಂಬುದು ಅವನ ಕೋರಿಕೆಯಾಗಿತ್ತು. 1981ರ ಫೆಬ್ರವರಿ ಹೊತ್ತಿಗೆ 2 ಕೋಟಿ 40 ಲಕ್ಷ ಡಾಲರ್ ದಾಟಿತು. ಜೂನ್ 28ರಂದು ಅವನು ತೀರಿಕೊಂಡ. ವಯಸ್ಸು ಇನ್ನೂ 22. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅವನ ನೆನಪಿನ ಮೊದಲ ಓಟ ನಡೆಯಿತು; ಆ ಓಟ ಇಂದು ನಮ್ಮ ದೇಶವೂ ಸೇರಿದಂತೆ ಹಲವು ದೇಶಗಳಲ್ಲಿ ನಡೆಯುತ್ತದೆ. ಅವನು ತನ್ನ ಓಟವನ್ನು ಯಾವ ವ್ಯಾಪಾರಿ ಕಂಪನಿಯ ಜಾಹೀರಾತಿಗೂ ಬಳಸಲು ಬಿಡಲಿಲ್ಲ ಎಂಬುದು ಮರೆಯಬಾರದ ಸಂಗತಿ.

ಅದೇ 1981ರ ಮಾರ್ಚ್ 29ರಂದು ಲಂಡನ್ ಮ್ಯಾರಥಾನ್ ಆರಂಭವಾಯಿತು. ಮೊದಲ ಸ್ಥಾನಕ್ಕೆ ಬಂದ ಅಮೆರಿಕದ ಡಿಕ್ ಬಿಯರ್ಡ್ಸ್‌ಲಿ ಮತ್ತು ನಾರ್ವೆಯ ಇಂಗೆ ಸಿಮನ್ಸನ್ ಒಬ್ಬರ ಕೈಯನ್ನೊಬ್ಬರು ಹಿಡಿದು ಒಟ್ಟಿಗೇ ಗೆರೆ ದಾಟಿದರು. ಇಂಥ ಶುಭಾರಂಭ ಕಂಡ ಓಟ ಮುಂದೆ ಜಗತ್ತಿನ ಅತಿ ದೊಡ್ಡ ದಾನದ ಓಟಗಳಲ್ಲಿ ಒಂದಾಯಿತು. ಅಲ್ಲಿ ಓಡುವವನು ತನ್ನ ನೆಂಟರು, ಗೆಳೆಯರು, ಜೊತೆ ಕೆಲಸಗಾರರ ಬಳಿ ಹೋಗಿ ‘ನಾನು ಇಂಥ ಕಾರ್ಯಕ್ಕಾಗಿ ಓಡುತ್ತೇನೆ, ನೀವು ಕೈಲಾದದ್ದು ಕೊಡಿ’ ಎಂದು ಕೇಳುತ್ತಾನೆ. 2000ದಲ್ಲಿ ಅದೇ ಓಟದಲ್ಲಿ ಪಂಜಾಬಿನಿಂದ ಹೋಗಿ ನೆಲಸಿದ್ದ ಫೌಜಾ ಸಿಂಗ್ ಎಂಬ 89 ವರ್ಷದ ಅಜ್ಜ ಓಡಿದರು. ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳ ಆರೈಕೆಗೆ ಹಣ ಕೂಡಿಸಿದರು. ಮುಪ್ಪಿನ ಕಾಲು ಹಸುಗೂಸಿಗಾಗಿ ಓಡಿತು. 2025ರ ಜುಲೈನಲ್ಲಿ, ಜಲಂಧರ್ ಬಳಿಯ ತಮ್ಮ ಊರಿನ ಹತ್ತಿರ ವಾಹನ ಬಡಿದು ಅವರು ತೀರಿಕೊಂಡರು. ಆಗ ಅವರಿಗೆ 114 ವರ್ಷ.

ನಮ್ಮ ದೇಶಕ್ಕೆ, ನಮ್ಮ ನಾಡಿಗೆ

ನಮ್ಮಲ್ಲಿ ಈ ಬಗೆಯ ದೊಡ್ಡ ಓಟಕ್ಕೆ ದಾರಿಯಾದದ್ದು ಮುಂಬಯಿ ಮ್ಯಾರಥಾನ್. ಅದರ ಮೊದಲ ಓಟ 2004ರ ಫೆಬ್ರವರಿ 15ರಂದು. ಮರುವರ್ಷ ದೆಹಲಿಯ ಹಾಫ್ ಮ್ಯಾರಥಾನ್, 2008ರ ಮೇ 18ರಂದು ಬೆಂಗಳೂರಿನ ‘ವರ್ಲ್ಡ್ 10ಕೆ’, ಅಂದರೆ 10 ಕಿಲೋಮೀಟರ್ ಓಟ. ಇಥಿಯೋಪಿಯಾ, ಕೀನ್ಯಾ, ಎರಿಟ್ರಿಯಾ ದೇಶಗಳ ಓಟಗಾರರು ಮುಂದೆ ಗಾಳಿಯಂತೆ ಹೋದರೆ, ಹಿಂದೆ ಕಚೇರಿಯ ಗುಮಾಸ್ತರು, ವಿದ್ಯಾರ್ಥಿಗಳು, ಗೃಹಿಣಿಯರು, ಗಾಲಿಕುರ್ಚಿಯಲ್ಲಿ ಕುಳಿತವರು, ಕೈಕೋಲು ಹಿಡಿದ ಹಿರಿಯರು. ನೂರಾರು ಸೇವಾಸಂಸ್ಥೆಗಳು ಈ ಓಟಗಳ ಮೂಲಕ ಹಣ ಕೂಡಿಸುತ್ತವೆ.

ಬೆಂಗಳೂರಿನ ‘ಸಮರ್ಥನಂ’ ಸಂಸ್ಥೆಯ ಮಾತನ್ನು ಇಲ್ಲಿ ಹೇಳಲೇಬೇಕು. ದೃಷ್ಟಿ ಇಲ್ಲದ ಮಹಾಂತೇಶ ಅವರು ಗೆಳೆಯರೊಡನೆ ಸೇರಿ 1997ರಲ್ಲಿ ಕಟ್ಟಿದ ಸಂಸ್ಥೆ ಇದು. ಅಂಗವಿಕಲರ ಶಿಕ್ಷಣ, ಉದ್ಯೋಗಕ್ಕಾಗಿ ಇವರು ನಡಿಗೆಯ ಕಾರ್ಯಕ್ರಮಗಳನ್ನು ಏರ್ಪಡಿಸುತ್ತಾ ಬಂದಿದ್ದಾರೆ. ಅಂಧರ ಕ್ರಿಕೆಟ್ಟಿಗೆ ಆಸರೆಯಾಗಿ ನಿಂತಿದ್ದಾರೆ. 2012ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಟಿ-20 ವಿಶ್ವಕಪ್ಪನ್ನು ಭಾರತ ಗೆದ್ದಿತು. ಇಲ್ಲಿ ಅಂಗವಿಕಲರು ಬರೀ ದಾನ ಪಡೆಯುವವರಾಗಿ ಉಳಿಯಲಿಲ್ಲ, ಮೈದಾನದೊಳಗೆ ಬಂದು ಆಟಗಾರರಾದರು.

ನಮ್ಮ ಧರ್ಮಸಭೆಯೂ ಈ ದಾರಿಯನ್ನು ದೂರವಿಟ್ಟಿಲ್ಲ. 2014ರ ಸೆಪ್ಟೆಂಬರ್‌ನಲ್ಲಿ ವ್ಯಾಟಿಕನ್ನಿನ ಕ್ರಿಕೆಟ್ ತಂಡ ಇಂಗ್ಲೆಂಡಿನ ಕ್ಯಾಂಟರ್‌ಬರಿಯಲ್ಲಿ ಆಂಗ್ಲಿಕನ್ ಸಭೆಯ ತಂಡದೊಡನೆ ಆಡಿತು. ಮನುಷ್ಯರ ಕಳ್ಳಸಾಗಣೆಯ ವಿರುದ್ಧದ ಕೆಲಸಕ್ಕೆ ನೆರವಾಗುವುದು ಅದರ ಉದ್ದೇಶ. ಆ ತಂಡದಲ್ಲಿ ಹೆಚ್ಚಿನವರು ರೋಮಿನಲ್ಲಿ ಓದುತ್ತಿದ್ದ ನಮ್ಮ ಭಾರತ ಉಪಖಂಡದ ಗುರುಗಳು ಮತ್ತು ಗುರುಮಠದ ವಿದ್ಯಾರ್ಥಿಗಳು. ಪಂದ್ಯ ಸೋತರು, ಆದರೆ ಶತಮಾನಗಳ ಹಿಂದೆ ಬೇರೆಯಾದ ಎರಡು ಸಭೆಗಳು ಒಂದೇ ಕಾರ್ಯಕ್ಕಾಗಿ ಒಂದೇ ಅಂಗಳದಲ್ಲಿ ನಿಂತವು.

ಗುಳಿಗೆಗೆ ಎಷ್ಟು ಉಳಿಯಿತು?

ಇಷ್ಟು ಹೊಗಳಿದ ಮೇಲೆ ಒಂದು ಕಹಿ ಮಾತನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಊರಿನಲ್ಲಿ ಕಾಯಿಲೆಯಿಂದ ಮಲಗಿದ್ದ ಒಬ್ಬ ಕೂಲಿಯ ಸಹಾಯಾರ್ಥ ಕ್ರಿಕೆಟ್ ಪಂದ್ಯಾವಳಿ ನಡೆಯಿತು. ನಾವೂ ಹೋಗಿದ್ದೆವು. ಎರಡು ರಾತ್ರಿ ಹೊನಲು ಬೆಳಕು, ಮೈಕ್ ಸೆಟ್, ಶಾಮಿಯಾನ, ಆಳೆತ್ತರದ ಟ್ರೋಫಿ, ಅತಿಥಿಗಳಿಗೆ ಶಾಲು, ಹಾರ. ಬ್ಯಾನರಿನ ತುಂಬ ಮುಖಂಡರ ಮುಖ. ರೋಗಿಯ ಹೆಸರು ಕೆಳಗೆ ಮೂಲೆಯಲ್ಲಿ. ಆಟ ಮುಗಿದ ಮೇಲೆ ಖರ್ಚು ಕಳೆದರೆ ಉಳಿದದ್ದು ಒಂದು ಸಲ ದವಾಖಾನೆಗೆ ಹೋಗಿಬರುವ ಬಸ್ಸಿನ ಚಾರ್ಜಿಗಷ್ಟೇ ಸಾಕಾಗುವಂತಿತ್ತು. ಮರುದಿನ ಆ ಮನೆಗೆ ಹೋದಾಗ ರೋಗಿಯ ತಾಯಿ ಕೇಳಿದ್ದು ಇಷ್ಟೇ: “ಆಟ ಚೊಲೊ ಆತು ನೋಡ್ರಿಯಪ್ಪ. ಗುಳಿಗಿಗೆ ಎಷ್ಟ ಉಳೀತು?”

ಯಾರೂ ಕದ್ದಿರಲಿಲ್ಲ. ಹುಡುಗರ ಮನಸ್ಸು ಒಳ್ಳೆಯದೇ ಇತ್ತು. ಆದರೆ ಆ ತಾಯಿಗೆ ಹೇಳಲು ನಮ್ಮ ಬಳಿ ಉತ್ತರವಿರಲಿಲ್ಲ. ನಾವು ತಲೆ ತಗ್ಗಿಸಿಕೊಂಡು ಬಂದೆವು.

ಈ ತೊಡಕು ನಮ್ಮ ಹಳ್ಳಿಯದಷ್ಟೇ ಅಲ್ಲ. ಮೊದಲು ಹೇಳಿದ ಇಂಗ್ಲೆಂಡಿನ ‘ಚಾರಿಟಿ ಶೀಲ್ಡ್’ಗೆ 2002ರಲ್ಲಿ ಹೆಸರು ಬದಲಾಯಿಸಬೇಕಾಯಿತು. ಟಿಕೆಟ್ಟಿನ ಹಣದಲ್ಲಿ ಎಷ್ಟು ಪಾಲು ದಾನಕ್ಕೆ ಹೋಗುತ್ತದೆ ಎಂಬುದು ಸ್ಪಷ್ಟವಾಗಿಲ್ಲ ಎಂದು ಅಲ್ಲಿನ ದಾನ ಸಂಸ್ಥೆಗಳ ಮೇಲ್ವಿಚಾರಣಾ ಆಯೋಗ ಆಕ್ಷೇಪ ಎತ್ತಿತು. 94 ವರ್ಷ ಹೊತ್ತ ‘ಚಾರಿಟಿ’ ಎಂಬ ಮಾತು ಹೋಗಿ ‘ಕಮ್ಯೂನಿಟಿ ಶೀಲ್ಡ್’ ಎಂದಾಯಿತು. ಅಷ್ಟು ದೊಡ್ಡ ಸಂಸ್ಥೆಗೇ ಲೆಕ್ಕದ ಮಾತಿನಲ್ಲಿ ಹೆಸರು ಕಳೆದುಕೊಳ್ಳುವ ಪ್ರಸಂಗ ಬಂದರೆ, ನೋಟುಪುಸ್ತಕವನ್ನೇ ಇಡದ ನಮ್ಮ ಸಂಘಗಳ ಗತಿಯೇನು?

ನಗರದ ಓಟಗಳಲ್ಲೂ ಜನ ತಿಳಿಯಬೇಕಾದ ಸಂಗತಿ ಒಂದಿದೆ. ಓಟಕ್ಕೆ ಕಟ್ಟುವ ನೋಂದಣಿ ಶುಲ್ಕವೆಲ್ಲ ದಾನಕ್ಕೆ ಹೋಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಸಾಮಾನ್ಯವಾಗಿ ಹಾಗಲ್ಲ. ರಸ್ತೆ, ನೀರು, ವೈದ್ಯಕೀಯ ನೆರವು, ಅಂಗಿ, ಪದಕ ಇವುಗಳಿಗೆ ಶುಲ್ಕ ಖರ್ಚಾಗುತ್ತದೆ. ಸೇವಾಸಂಸ್ಥೆಗೆ ಹೋಗುವುದು ಓಟಗಾರ ಬೇರೆಯಾಗಿ ಕೂಡಿಸಿದ ಅಥವಾ ಕೊಟ್ಟ ಹಣ. ಆದ್ದರಿಂದ ಬರೀ ಅಂಗಿ ತೊಟ್ಟು ಓಡಿದರೆ ದಾನವಾಗಲಿಲ್ಲ. ಓಟಕ್ಕೆ ಮುಂಚೆ ನಾಲ್ಕು ಮನೆಯ ಬಾಗಿಲು ತಟ್ಟಬೇಕು, ‘ಕೊಡಿ’ ಎಂದು ಕೇಳುವ ಮುಜುಗರ ತಾಳಬೇಕು. ನಿಜವಾದ ಬೆವರು ಅಲ್ಲಿದೆ.

ಕೊರಿಂಥದ ಪಾಠ

ಈ ವಿಷಯದಲ್ಲಿ ಸಂತ ಪೌಲರಿಗಿಂತ ದೊಡ್ಡ ಗುರು ನಮಗೆ ಬೇಕಿಲ್ಲ. ಕೊರಿಂಥ ಪಟ್ಟಣದ ಹತ್ತಿರ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡೋತ್ಸವ ನಡೆಯುತ್ತಿತ್ತು. ಗೆದ್ದವರ ತಲೆಗೆ ಎಲೆಗಳ ಕಿರೀಟ. ಆ ಊರಿನ ವಿಶ್ವಾಸಿಗಳಿಗೆ ಬರೆದ ಮೊದಲ ಪತ್ರದ 9ನೇ ಅಧ್ಯಾಯದಲ್ಲಿ ಪೌಲರು ಓಟದ ಸ್ಪರ್ಧೆಯ ಮಾತೆತ್ತಿ, ಬಾಡಿಹೋಗುವ ಆ ಕಿರೀಟಕ್ಕೂ ಬಾಡದ ಕಿರೀಟಕ್ಕೂ ಇರುವ ಅಂತರವನ್ನು ತಿಳಿಸುತ್ತಾರೆ. ಇದು ನಮಗೆ ಗೊತ್ತು, ಹಬ್ಬದ ಪ್ರಬೋಧನೆಗಳಲ್ಲಿ ಕೇಳಿದ್ದೇವೆ.

ಆದರೆ ಅದೇ ಪತ್ರದ 16ನೇ ಅಧ್ಯಾಯವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಅಲ್ಲಿ ಅವರು ಅದೇ ಕೊರಿಂಥದವರಿಗೆ ಜೆರುಸಲೇಮಿನ ಬಡವರಿಗಾಗಿ ಹಣ ಕೂಡಿಸುವ ಕ್ರಮ ಹೇಳುತ್ತಾರೆ: ವಾರದ ಮೊದಲ ದಿನ ಪ್ರತಿಯೊಬ್ಬರೂ ತಮ್ಮ ವರಮಾನಕ್ಕೆ ತಕ್ಕಂತೆ ತೆಗೆದಿಡಬೇಕು, ಸಭೆ ಒಪ್ಪಿದವರೇ ಅದನ್ನು ಒಯ್ಯಬೇಕು. ಎರಡನೆಯ ಪತ್ರದ 8ನೇ ಅಧ್ಯಾಯದಲ್ಲಿ ಇನ್ನೂ ಮುಂದೆ ಹೋಗಿ, ಹಣದ ವಿಷಯದಲ್ಲಿ ಯಾರೂ ಬೆರಳು ತೋರಿಸಬಾರದೆಂದು ತೀತನ ಜೊತೆ ಸಭೆಗಳು ಮೆಚ್ಚಿದ ಸಹೋದರರನ್ನೂ ಕಳುಹಿಸುತ್ತಾರೆ. ದೇವರ ಮುಂದೆ ಶುದ್ಧವಾಗಿದ್ದರೆ ಸಾಲದು, ಜನರ ಕಣ್ಣಿಗೂ ಶುದ್ಧವಾಗಿ ಕಾಣಬೇಕು ಎಂಬುದು ಅವರ ನಿಲುವು. ಆಟದ ಉಪಮೆ ಕೊಟ್ಟವರೇ ಲೆಕ್ಕದ ಶಿಸ್ತನ್ನೂ ಕಲಿಸಿದರು.

ನಮ್ಮ ಗದ್ದೆಯ ಮೈದಾನದಲ್ಲಿ

ಹಾಗಾದರೆ ನಾವು ಮಾಡಬೇಕಾದದ್ದೇನು? ಆಟ ನಿಲ್ಲಿಸುವುದಲ್ಲ, ಅದನ್ನು ಸರಿಯಾಗಿ ಆಡುವುದು. ನಮ್ಮ ಯುವಕ ಸಂಘಗಳಿಗೆ, ಪಾಲನಾ ಸಮಿತಿಗಳಿಗೆ ನಾಲ್ಕು ಮಾತುಗಳನ್ನು ವಿನಯದಿಂದ ಮುಂದಿಡುತ್ತೇವೆ.

ಒಂದು, ಆಟದ ಖರ್ಚನ್ನು ಬೇರೆ ದಾನಿಗಳಿಂದ ಮೊದಲೇ ಹೊಂದಿಸಿಕೊಳ್ಳಿ. ‘ಸಹಾಯಾರ್ಥ’ ಎಂದು ಹೇಳಿ ಪಡೆದ ಒಂದೊಂದು ರೂಪಾಯಿಯೂ ಸಂಕಟದವರಿಗೇ ಹೋಗಲಿ. ಸಣ್ಣ ಟ್ರೋಫಿ ಸಾಕು, ಹಗಲಿನ ಬೆಳಕು ಸಾಕು.

ಎರಡು, ಯಾರಿಗಾಗಿ ಎಂಬುದನ್ನು ಮೊದಲೇ ತಿಳಿಸಿ. ಬಿಜಾಪುರ ಬರದ ತಂಡದಂತೆ ಕಾರ್ಯದ ಹೆಸರು ಮೇಲೆ ಇರಲಿ, ಗಣ್ಯರ ಹೆಸರು ಕೆಳಗಿರಲಿ. ಆದರೆ ಬಡವನ ಒಪ್ಪಿಗೆ ಇಲ್ಲದೆ ಅವನ ಮುಖವನ್ನು ಬ್ಯಾನರಿಗೆ ಏರಿಸಬೇಡಿ. ನೆರವು ಬೇಕಾದವನಿಗೂ ಮಾನವಿದೆ.

ಮೂರು, ಆಟ ಮುಗಿದ ಮುಂದಿನ ಭಾನುವಾರ ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ದೇವಾಲಯದ ಬಾಗಿಲಿಗೆ ಅಂಟಿಸಿ. ಇಬ್ಬರು ಸಹಿ ಮಾಡಲಿ, ಅವರಲ್ಲಿ ಒಬ್ಬರು ನಮ್ಮ ತಾಯಂದಿರಾಗಿರಲಿ.

ನಾಲ್ಕು, ಎಲ್ಲರನ್ನೂ ಸೇರಿಸಿಕೊಳ್ಳಿ. ಹೆಣ್ಣುಮಕ್ಕಳ ಖೋಖೋ, ಹಿರಿಯರ ನಡಿಗೆ, ಅಂಗವಿಕಲರ ಸ್ಪರ್ಧೆ ಇರಲಿ. ಸಂಕಟಕ್ಕೆ ಮತವಿಲ್ಲ, ನೆರವಿಗೂ ಬೇಡ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕಕ್ಕೆ ನೆರೆ ಬಂದಾಗ ನೀರು ಯಾರ ಮನೆಯನ್ನೂ ಜಾತಿ ಕೇಳಿ ನುಗ್ಗಲಿಲ್ಲ.

ನಮ್ಮ ಭಾಗದ ಬಹಳ ಜನರಿಗೆ ನಡಿಗೆ, ಓಟ ಹೊಸದಲ್ಲ ಎಂಬುದೂ ನೆನಪಿರಲಿ. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿ ಗುಳೆ ಹೋಗುವವರು ನಮ್ಮವರೇ. ಕೊಡ ಹೊತ್ತು ನೀರಿಗೆ ನಡೆದ ತಾಯಂದಿರಿಗೆ ಯಾರೂ ಪದಕ ಕೊಡಲಿಲ್ಲ. ನಗರದ ಓಟಗಾರ ಒಂದು ಮುಂಜಾನೆ ಬೇಕೆಂದು ಪಡುವ ದಣಿವನ್ನು ಅವರು ವರ್ಷಗಟ್ಟಲೆ ಬೇಡವೆಂದರೂ ಪಟ್ಟಿದ್ದಾರೆ. ನಾವು ಆಡುವ ಆಟದಿಂದ ಅಂಥವರ ದಣಿವು ಒಂದಿಷ್ಟಾದರೂ ಕಡಿಮೆಯಾದರೆ ಮಾತ್ರ ‘ಸಹಾಯಾರ್ಥ’ ಎಂಬ ಮಾತಿಗೆ ಅರ್ಥ.

ಮುಂದಿನ ಹಬ್ಬ ಬರುತ್ತದೆ. ಭತ್ತ ಕೊಯ್ದ ಗದ್ದೆಯಲ್ಲಿ ಮತ್ತೆ ಬಲೆ ಕಟ್ಟುತ್ತೇವೆ, ಮತ್ತೆ ಸೀಟಿ ಊದುತ್ತೇವೆ. ಸೋಲು ಗೆಲುವು ಯಾರದಾದರೂ ಆಗಲಿ. ಅಂದು ಸಂಜೆ ಒಬ್ಬ ತಾಯಿ ಬಾಗಿಲಲ್ಲಿ ನಿಂತು “ಗುಳಿಗಿಗೆ ಎಷ್ಟ ಉಳೀತು?” ಎಂದು ಕೇಳಿದರೆ, ತಲೆ ಎತ್ತಿ ಉತ್ತರ ಹೇಳುವ ಭಾಗ್ಯ ನಮಗೆಲ್ಲರಿಗೂ ದೊರೆಯಲಿ.